ರೇಡಾರ್ ಖಾಲಿ ಇದೆ ಅಂತ ರಾಗಿ ಅರಿ ಬಿಡಬೇಡಿ

ಮುಳಬಾಗಿಲು ಸುತ್ತಮುತ್ತ ಈಗ ಎಲ್ಲರೂ ರಾಗಿ ಕೊಯ್ದು ಅರಿ ಬಿಟ್ಟಿದ್ದೀವಿ. ದಿನಾ ನಾಲ್ಕೈದು ಜನ ಕೇಳೋದು ಒಂದೇ: "ಚೆನ್ನೈ ರೇಡಾರ್‌ನಲ್ಲಿ ಏನೂ ಕಾಣ್ತಿಲ್ಲಣ್ಣ, ಇನ್ನೆರಡು ದಿನ ಹೊಲದಲ್ಲೇ ಒಣಗಲಿ ಅಂತ ಬಿಡಬಹುದಾ?" ನನಗೆ ತಿಳಿದಷ್ಟು ಬರೀತೀನಿ.

ರೇಡಾರ್ ರೇಡಿಯೋ ಅಲೆ ಬಿಟ್ಟು, ಮಳೆ ಹನಿಗೆ ತಾಗಿ ವಾಪಸ್ ಬರೋ ಸಿಗ್ನಲ್ ಅಳೆಯುತ್ತೆ. ಹನಿಯ ಅಗಲ ಎರಡು ಪಟ್ಟಾದರೆ ಸಿಗ್ನಲ್ 64 ಪಟ್ಟು ಆಗುತ್ತೆ. 2 ಮಿ.ಮೀ. ಅಗಲದ ಒಂದು ದಪ್ಪ ಹನಿಯನ್ನ ಅರ್ಧ ಮಿ.ಮೀ.ನ 64 ಹನಿ ಮಾಡಿದರೆ ನೀರು ಅಷ್ಟೇ ಇರುತ್ತೆ, ಸಿಗ್ನಲ್ ಮಾತ್ರ 64ರಲ್ಲಿ ಒಂದು ಪಾಲು. ಗುಡುಗು ಮಳೆ ಕೆಂಪಗೆ ಎದ್ದು ಕಾಣೋದು, ಸೋನೆ ಕಾಣದೇ ಹೋಗೋದು ಇದಕ್ಕೇ.

ದೂರ ಸೇರಿದರೆ ಇನ್ನೂ ಕಷ್ಟ. ಅದೇ ಮಳೆ ಎರಡು ಪಟ್ಟು ದೂರದಲ್ಲಿದ್ದರೆ ಸಿಗ್ನಲ್ ಕಾಲು ಭಾಗಕ್ಕೆ ಇಳಿಯುತ್ತೆ. ಯಂತ್ರದೊಳಗೂ ಒಂದಷ್ಟು ಗದ್ದಲ ಇರುತ್ತೆ, ಸಣ್ಣ ಸಿಗ್ನಲ್ ಅದರಲ್ಲಿ ಮುಳುಗಿಹೋಗುತ್ತೆ. ಅದಕ್ಕೆ ಒಂದೇ ದಿಕ್ಕಿಗೆ ಹತ್ತಾರು ಸಲ ಅಲೆ ಬಿಟ್ಟು, ಸರಾಸರಿ ತೆಗೆದು, ಗದ್ದಲದ ಪಾಲು ಕಳೀತಾರೆ. ಸಂತೆಯಲ್ಲಿ ದೂರದಿಂದ ಯಾರೋ ಕೂಗಿದಾಗ, ನಾಲ್ಕು ಸಲ ಕೇಳಿದ ಮೇಲೆ ನಮ್ಮನ್ನೇ ಅಂತ ಗೊತ್ತಾಗುತ್ತಲ್ಲ, ಹಾಗೆ.

ಆದರೆ ಅಲೆಯೇ ತಾಗದ ಮೋಡಕ್ಕೆ ಈ ಲೆಕ್ಕ ನಡೆಯಲ್ಲ. ಚೆನ್ನೈ ನಮಗೆ ಸುಮಾರು 200 ಕಿ.ಮೀ. ಭೂಮಿ ಗುಂಡಗಿರೋದ್ರಿಂದ, ಅಲ್ಲಿಂದ ಬರೀ ಅರ್ಧ ಡಿಗ್ರಿ ಮೇಲಕ್ಕೆ ಬಿಟ್ಟ ಅಲೆಯೂ ಇಲ್ಲಿಗೆ ಬರೋ ಹೊತ್ತಿಗೆ ನಮ್ಮ ಹೊಲದಿಂದ ಸುಮಾರು 3 ಕಿ.ಮೀ. ಮೇಲಿರುತ್ತೆ. ಹಿಂಗಾರಿನ ಕೆಳಮೋಡ ಅದರ ಕೆಳಗೇ ಜಿನುಗಿ ಹೋಗುತ್ತೆ.

ಅರಿ ಕೆಡಿಸೋದೂ ಇದೇ ಸೋನೆ. ಬಿರುಸು ಮಳೆ ಒಂದು ಗಂಟೆ ಬಂದು ಬಿಸಿಲು ಬಿದ್ದರೆ ತಿರುವಿ ಹಾಕಿ ಒಣಗಿಸಬಹುದು. ಮೂರು ದಿನ ಬಿಡದೆ ಜಿನುಗಿದರೆ ತೆನೆಯಲ್ಲೇ ಮೊಳಕೆ ಬರುತ್ತೆ, ಹುಲ್ಲು ಕಪ್ಪಾಗುತ್ತೆ, ಹಸು ಮೂಸೋದೂ ಇಲ್ಲ. ವರ್ಷದ ಮುದ್ದೆ, ಮೇವು ಎರಡೂ ಹೋದಂಗೆ.

ನಾನು ಮಾಡೋದು ಇಷ್ಟು. ರೇಡಾರ್ ಮಳೆ ತೋರಿಸಿದರೆ ನಂಬ್ತೀನಿ, ಖಾಲಿ ಇದ್ದರೆ ಅದೊಂದನ್ನೇ ನಂಬಿ ಕೂರಲ್ಲ. ಹಗಲಿನ ಉಪಗ್ರಹ ಚಿತ್ರದಲ್ಲಿ ಮೋಡ ನೋಡ್ತೀನಿ. ಪಲಮನೇರು ಕಡೆ ಬೀಗರಿಗೆ ಫೋನ್ ಮಾಡಿ ಜಿನುಗ್ತಿದೆಯಾ ಅಂತ ಕೇಳ್ತೀನಿ, ಮೂಡಲಿಂದ ಬರೋ ಮೋಡ ಅವರನ್ನ ದಾಟೇ ನಮಗೆ ಬರೋದು. ಅಲ್ಲಿ ಶುರುವಾಗಿದ್ರೆ ಆವತ್ತೇ ಕಂತೆ ಕಟ್ಟಿ, ಮೆದೆ ಹಾಕಿ, ಟಾರ್ಪಾಲು ಹೊದಿಸಿಬಿಡ್ತೀನಿ.

ನಿಮ್ಮೂರಲ್ಲಿ ಇವತ್ತು ಹನಿ ಬಿದ್ದಿದ್ರೆ ಊರ ಹೆಸರು, ಹೊತ್ತು ಎರಡೂ ಹಾಕಿ ಕೆಳಗೆ ಬರೀರಿ. ಪಡುವಲ ಕಡೆಯವರಿಗೆ ಕಂತೆ ಕಟ್ಟೋಕೆ ಒಂದು ಗಂಟೆ ಸಿಕ್ಕರೂ ಸಿಕ್ಕಿತು.