ಹರಕೆ, ಗುಳಿಗೆ ಮತ್ತು ತಂಗಿಯ ಪಾಲು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕ್ಲಿನಿಕಲ್ ಸೈಕಾಲಜಿ ಕಲಿಯಲು ಬೆಂಗಳೂರಿನ ನಿಮ್ಹಾನ್ಸ್ ಸೇರಿದಾಗ ಅಲ್ಲಿನ ಹಳಬರು ಎಂ.ವಿ. ಗೋವಿಂದಸ್ವಾಮಿಯವರ ಮಾತು ಎತ್ತುತ್ತಲೇ ಇದ್ದರು. 1954ರಲ್ಲಿ ಶುರುವಾಗಿ ಮುಂದೆ ನಿಮ್ಹಾನ್ಸ್‌ನ ಭಾಗವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಬೆಳೆಸಿದ ಅವರಿಗೆ ಭಾರತೀಯ ದರ್ಶನಗಳಲ್ಲೂ ಆಸಕ್ತಿ. ಗುರು-ಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿ ಮಾಡಿಕೊಳ್ಳಬಹುದು ಎಂದು ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲಿ ಬರೆದ ಲೇಖನವನ್ನು ನಾವು ಚರ್ಚಿಸುತ್ತಿದ್ದೆವು. ಗೀತೆಯ ಅರ್ಜುನನೂ ಆಗಾಗ ಬಂದುಹೋಗುತ್ತಿದ್ದ. ಒಣಗಿದ ಬಾಯಿ, ನಡುಕ, ಕೈಯಿಂದ ಜಾರುವ ಬಿಲ್ಲು, ಆತಂಕದ ಎಲ್ಲ ಲಕ್ಷಣವೂ ಅವನಲ್ಲಿತ್ತಲ್ಲ. ಆದರೆ ಕೇಸ್ ಶೀಟ್ ಬರೆಯಲು ಕೂತರೆ ನಾವು ಓರಗೆಯವರೆಲ್ಲ ಒಂದೇ ಸಾಲು ಗೀಚುತ್ತಿದ್ದೆವು: ‘ಮ್ಯಾಜಿಕೋ-ರಿಲಿಜಿಯಸ್ ಟ್ರೀಟ್‌ಮೆಂಟ್: ಎಸ್’, ಅಂದರೆ ಮಂತ್ರ-ಪೂಜೆಯ ಚಿಕಿತ್ಸೆ ಆಗಿದೆ, ಅಷ್ಟೆ. ಯಾವ ದೇವರು, ಏನು ಹರಕೆ, ಪೂಜಾರಿ ಏನು ಹೇಳಿದ, ರೋಗಿ ಅದಕ್ಕೆ ಒಪ್ಪಿದನೋ ಇಲ್ಲವೋ, ಯಾವುದೂ ಇಲ್ಲ.

ಯೋಗಕ್ಕೆ ಮಾತ್ರ ಬಾಗಿಲು ಬೇಗ ತೆರೆಯಿತು. ಉಸಿರನ್ನು ಎಣಿಸಬಹುದು, ಹರಕೆಯನ್ನು ಎಣಿಸಲಾಗದು, ಅದಕ್ಕೇ ಇರಬೇಕು.

ಆಮೇಲೆ ಕಲಬುರಗಿ ಕಡೆ ಕೆಲಸಕ್ಕೆ ಹೋದೆ. ಅಲ್ಲಿನ ಗಾಣಗಾಪುರದ ದತ್ತಾತ್ರೇಯ ಗುಡಿಯಲ್ಲಿ ಆರತಿ ಹೊತ್ತಿಗೆ ದೆವ್ವ ಮೆಟ್ಟಿದೆಯೆಂದು ಕಂಬ ಹಿಡಿದು ಕೂಗುವವರನ್ನು ಅಲ್ಲಿಗೆ ಹೋದವರೆಲ್ಲ ನೋಡಿರುತ್ತಾರೆ. ಅವರಲ್ಲಿ ಕೆಲವರು ನಮ್ಮಲ್ಲಿಗೂ ಬರುತ್ತಿದ್ದರು. ಕೈಯ ದಾರವನ್ನು ಅಂಗಿಯ ತೋಳಿನೊಳಗೆ ಸರಿಸಿಕೊಂಡೇ ಕೂರುತ್ತಿದ್ದರು, ಡಾಕ್ಟರು ಬೈದಾರು ಅಂತ.

ಒಬ್ಬ ರೈತನ ಕೇಸು ನನ್ನ ದಾರಿ ತಿರುಗಿಸಿತು. ಊರಿಗೆ ಮಳೆ ಬಾರದಿರುವುದು ತನ್ನ ಪಾಪದಿಂದ ಎಂದು ಅವನು ಊಟ ಬಿಟ್ಟಿದ್ದ. ಇಮಿಪ್ರಮಿನ್ ಗುಳಿಗೆ ಕೆಲವು ವಾರಗಳಲ್ಲಿ ತನ್ನ ಕೆಲಸ ಮಾಡಿತು. ನಿದ್ದೆ ಬಂತು, ರೊಟ್ಟಿ ಸೇರಿತು, ಮಳೆಯ ಮಾತು ನಿಂತಿತು. ಒಂದು ಮಾತು ಮಾತ್ರ ನಿಲ್ಲಲಿಲ್ಲ. ತಂಗಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಅವಳ ಪಾಲಿನ ಹೊಲ ಮಾರಿದ್ದ. ಮಳೆಯದು ಕಾಯಿಲೆ, ಹೊಲದ್ದು ಸಾಲ. ಇವೆರಡನ್ನೂ ‘ಗಿಲ್ಟ್’ ಎಂದು ಒಂದೇ ಗಂಟು ಕಟ್ಟಿಟ್ಟರೆ ಮನಃಶಾಸ್ತ್ರಜ್ಞ ಯಾಕೆ ಬೇಕು? ಅವನು ದೇವರಿಗೆ ತಪ್ಪುಕಾಣಿಕೆ ಹಾಕುತ್ತೇನೆ ಎಂದ. ಬೇಡ ಅನ್ನಲಿಲ್ಲ. “ಹುಂಡಿಗಿ ಹಾಕಿದ್ರ ತಂಗಿಗಿ ಮುಟ್ಟತದೇನು?” ಅಂತ ಕೇಳಿದೆ ಅಷ್ಟೆ. ತುಂಬ ಹೊತ್ತು ನೆಲ ನೋಡಿದ. ಮುಂದೆ ಹುಂಡಿಗೂ ಹಾಕಿದ, ತಂಗಿಗೂ ಒಂದಿಷ್ಟು ಕೊಟ್ಟ, ಪೂರ್ತಿ ಕೊಡಲಿಲ್ಲ. ಎಷ್ಟು ಕೊಡಬೇಕೆಂದು ನಾನು ಹೇಳಲೂ ಇಲ್ಲ. ಆ ಲೆಕ್ಕ ಅವನದು.

ಕಾಯಿಲೆ ಯಾವುದು, ತಪ್ಪು ಯಾವುದು ಎಂಬ ಈ ಜಗಳ ನಮ್ಮದೊಂದೇ ಅಲ್ಲ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಅಧ್ಯಕ್ಷನಾಗಿದ್ದ ಹೋಬರ್ಟ್ ಮೌರರ್ 1961ರ ಪುಸ್ತಕದಲ್ಲಿ, ನರಳುವವನಿಗೆ ಬೇಕಾದದ್ದು ಮಾಡಿದ ತಪ್ಪಿನ ನಿವೇದನೆ ಎಂದು ವಾದಿಸಿದ. ಅಷ್ಟು ದೂರ ನಾನು ಹೋಗಲಾರೆ. ಆಳವಾದ ಖಿನ್ನತೆಯಲ್ಲಿರುವವರ ಎದುರು ಪಾಪದ ಮಾತೆತ್ತಿದರೆ ಜೀವಕ್ಕೇ ಅಪಾಯ. 1980ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಆಲನ್ ಬರ್ಗಿನ್ ಧಾರ್ಮಿಕ ಮೌಲ್ಯಗಳನ್ನು ಚಿಕಿತ್ಸೆಯೊಳಗೆ ತರಬೇಕೆಂದು ಬರೆದಾಗ ಆಲ್ಬರ್ಟ್ ಎಲ್ಲಿಸ್ ಅದೇ ವರ್ಷ ಎದುರು ನಿಂತ. ನಾಸ್ತಿಕ ಎಲ್ಲಿಸ್‌ನ ಬರಹ ಓದಲು ಹೆಚ್ಚು ಖುಷಿ. ಆದರೆ ಚಿಕಿತ್ಸಕನಿಗೂ ಮೌಲ್ಯಗಳಿರುತ್ತವೆ, ಬಚ್ಚಿಟ್ಟರೆ ಹೋಗುವುದಿಲ್ಲ ಎಂಬ ಬರ್ಗಿನ್‌ನ ಕಡೆಗೇ ನನ್ನ ಒಲವು.

ಮುಂದೆ ಆ ಒಲವಿಗೂ ಪರೀಕ್ಷೆ ಬಂತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾ ಬಳಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಸುಟ್ಟುಹೋದರು, 28 ಜನ. ನಮ್ಮ ವೃತ್ತಿಯವರ ಸಿಟ್ಟೆಲ್ಲ ದೇವಸ್ಥಾನ, ದರ್ಗಾಗಳ ಮೇಲೆ ತಿರುಗಿತು, ನನ್ನದೂ. ಆದರೆ ಮರುವರ್ಷವೇ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರ ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ತಮಿಳುನಾಡಿನದೇ ಒಂದು ಮುತ್ತುಸ್ವಾಮಿ ಗುಡಿ. ತೀವ್ರ ಮನೋರೋಗದ 31 ಮಂದಿ, ಒಬ್ಬೊಬ್ಬರ ಜೊತೆಗೂ ಮನೆಯವರೊಬ್ಬರು, ಸರಾಸರಿ ಆರು ವಾರದ ವಾಸ. ಮಾಟ ಬಿಡಿಸುವುದಿಲ್ಲ, ಔಷಧಿ ಕೊಡುವುದಿಲ್ಲ. ಬೆಳಗ್ಗೆ ಪ್ರಾರ್ಥನೆ, ಆಮೇಲೆ ಕಸ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು. ಲಕ್ಷಣಗಳ ಅಂಕ ಸುಮಾರು ಶೇಕಡ 20ರಷ್ಟು ಇಳಿದಿತ್ತು. ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ, ನಿಜ. ನನಗೆ ಕಂಡದ್ದು ಬೇರೆ: ಗಿಡಕ್ಕೆ ನೀರು ಹಾಕುವವನನ್ನು ಅಲ್ಲಿ ಯಾರೂ ಕೈಲಾಗದವ ಅಂದುಕೊಂಡಿರಲಿಲ್ಲ.

2008ರ ಹೊತ್ತಿಗೆ ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ದವಾ-ದುವಾ (ಔಷಧಿ-ಪ್ರಾರ್ಥನೆ) ಶುರುವಾಯಿತು, ದರ್ಗಾ ನೋಡಿಕೊಳ್ಳುವ ಮುಜಾವರರೇ ರೋಗಿಗಳನ್ನು ಡಾಕ್ಟರ ಹತ್ತಿರ ಕಳಿಸುವ ಏರ್ಪಾಡು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿತು. ಸಮುದಾಯದ ಧಾರ್ಮಿಕ ನಂಬಿಕೆಗೆ ಹೊಂದದಿರುವುದನ್ನೇ ಕಾಯಿಲೆಯ ಗುರುತು ಮಾಡುವಂತಿಲ್ಲ ಎಂದೂ ಹೇಳಿತು. ದೇವರನ್ನು ನಂಬದವರ ಪರವಾಗಿಯೂ ಇರುವ ಈ ಮಾತನ್ನು ಗ್ರಹಶಾಂತಿ ಸೇರಿಸಿ ಪ್ಯಾಕೇಜು ಮಾರುವ ಇಂದಿನ ಕೆಲವು ಕೌನ್ಸೆಲರುಗಳು ಓದಿದ್ದರೆ ಚೆನ್ನಾಗಿತ್ತು.

ಈಗ ಕಿರಿಯರ ಜೊತೆ ಕೂತಾಗ ಬರುವ ಪ್ರಶ್ನೆಗಳು ತೀರ ಪ್ರಾಯೋಗಿಕ. ಲಿಥಿಯಂ ಗುಳಿಗೆ ತೆಗೆದುಕೊಳ್ಳುವ ಮಹಿಳೆಯೊಬ್ಬರು ರಂಜಾನ್ ಉಪವಾಸ ಮಾಡಬಹುದೇ ಎಂದು ಕೇಳಿದರು. ಬೇಸಿಗೆಯಲ್ಲಿ ನೀರಿಲ್ಲದೆ ಮೈ ಒಣಗಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಬೇಡ ಅಂದುಬಿಡುವುದು ಸುಲಭ. ಆಮೇಲೆ ಅವರು ಗುಳಿಗೆ ಬಿಟ್ಟು ಉಪವಾಸ ಹಿಡಿದರೆ? ಕಿರಿಯ ಸಹೋದ್ಯೋಗಿ ಅವರ ಒಪ್ಪಿಗೆ ಪಡೆದು ಮೌಲ್ವಿಯನ್ನು ಕರೆಸಿದಳು. ಕಾಯಿಲೆಯವರಿಗೆ ವಿನಾಯಿತಿ ಇದೆ, ಬಿಟ್ಟ ದಿನಕ್ಕೊಬ್ಬರಂತೆ ಬಡವರಿಗೆ ಊಟ ಹಾಕಿ ಫಿದ್ಯಾ ಕೊಡಬಹುದು ಎಂದರು ಮೌಲ್ವಿ. ಮನೋವೈದ್ಯರು ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಇಬ್ಬರ ಮಾತನ್ನೂ ಕೇಳಿಕೊಂಡ ಆಕೆ ಒಂದು ದಿನ ಟೈಮ್ ಬೇಕು ಎಂದರು. ಮರುದಿನ ಬಂದು, ಈ ವರ್ಷ ಫಿದ್ಯಾ ಕೊಡುತ್ತೇನೆ, ಮುಂದಿನ ವರ್ಷದ್ದು ಮತ್ತೆ ಮಾತಾಡೋಣ ಎಂದರು.