ಬೇಡ ಕಣ್ಲಾ ಅನ್ನೋರು ಬೇಕು
ಈಗಷ್ಟೇ ಮದ್ದೂರು ಬಸ್ ಸ್ಟ್ಯಾಂಡ್ ಹತ್ರ ಟೀ ಅಂಗಡೀಲಿ ಕಂಡಿದ್ದು. ಬೀಡಿ ಕಟ್ಟಿಗೆ ಕೈ ಚಾಚಿದವನನ್ನ ಪಕ್ಕದ ಗೆಳೆಯ ಹಿಡ್ಕೊಂಡು, ‘ಬೇಡ ಕಣ್ಲಾ, ಬಾ, ಹಂಗೇ ಒಂದ್ ರೌಂಡ್ ನಡ್ಕೊಂಡ್ ಬರಾನ’ ಅಂದ. ಇಬ್ರೂ ಹೋದ್ರು.

ಸೇದಬೇಕು ಅನ್ನೋ ಚಡಪಡಿಕೆ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಇಳಿಯುತ್ತೆ. ಆ ಹೊತ್ತಿಗೆ ಜೊತೆಗೊಬ್ಬರು ಬೇಕು, ಅಷ್ಟೇ. ಬಿಟ್ಟೋರನ್ನೇ ಕರೆದು ‘ಒಂದೇ ಒಂದು ದಮ್ ಎಳಿ’ ಅನ್ನೋದು ಸ್ನೇಹ ಅಲ್ಲ. ಮತ್ತೆ ಸೇದಿಬಿಟ್ರೆ ಬೈಬೇಡಿ, ಧೈರ್ಯ ಹೇಳಿ.

ಸೇದೋದು ಬಿಡೋಕೆ ಸಿಗರೇಟ್ ಪ್ಯಾಕಿನ ಮೇಲೇ ಉಚಿತ ಸಹಾಯವಾಣಿ ನಂಬರ್ ಇದೆ: 1800-11-2356. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಬಹುದು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಬಿಡೋಕೆ ಹೆಣಗ್ತಿರೋರು ನಿಮಗೆ ಗೊತ್ತಿದ್ರೆ ಈ ನಂಬರ್ ಇವತ್ತೇ ಕಳಿಸಿ.