ಅಜ್ಜಿ ಬಳೆ ಮತ್ತು 875

"ಸೋಮನಹಳ್ಳಿನಾ? ಎಲ್ಲಿ ಬರುತ್ತೆ?" ಅಂತ ಬೆಂಗಳೂರಲ್ಲಿ ಯಾರಾದ್ರೂ ಕೇಳಿದ್ರೆ ನನ್ನ ಉತ್ತರ ರೆಡಿ: ಮದ್ದೂರು ತಾಲ್ಲೂಕು, ಎಸ್.ಎಂ. ಕೃಷ್ಣ ಅವರ ಹೆಸರಲ್ಲಿರೋ 'ಎಸ್' ನಮ್ಮೂರೇ! ಊರು ಯಾವುದು, ಯಾರ ಮಗ ಅನ್ನೋದನ್ನ ಇನಿಷಿಯಲ್ಲು ಎರಡಕ್ಷರದಲ್ಲಿ ಹೇಳಿಬಿಡುತ್ತೆ. ಒಡವೆಗೂ ಇಂಥದ್ದೊಂದು ಇನಿಷಿಯಲ್ ಇದೆ, ಹಾಲ್‌ಮಾರ್ಕ್ ಅಂತ. ಅದನ್ನ ಓದೋದು ಕಲಿಯೋ ಸಂದರ್ಭ ಬಂದಿದ್ದು ತಂಗಿ ಮದುವೆಗೆ.

ನಮ್ಮ ಕಡೆ ಒಡವೆ ಬರೀ ಹಾಕ್ಕೊಂಡು ಮೆರೆಯೋಕಲ್ಲ. ಕಬ್ಬು ಕಾರ್ಖಾನೆಗೆ ಹೋಗಿರುತ್ತೆ, ದುಡ್ಡು ಬಂದಿರಲ್ಲ. ಆಗ ಗೊಬ್ಬರಕ್ಕೆ, ಆಸ್ಪತ್ರೆಗೆ ಅವ್ವನ ಸರ ಅಡವು ಹೋಗಬೇಕು. ನನ್ನ ಇಂಜಿನಿಯರಿಂಗಿನ ಎರಡು ಸೆಮಿಸ್ಟರ್ ಫೀಸು ಕಟ್ಟಿದ್ದೂ ಹಾಗೇ. ಹಾಗಾಗಿ ಅದರೊಳಗೆ ಚಿನ್ನ ಎಷ್ಟಿದೆ ಅನ್ನೋದು ಸಣ್ಣ ವಿಷಯ ಅಲ್ಲ.

ಅಜ್ಜಿಯ ಎರಡು ಬಳೆ, ಒಟ್ಟು 24 ಗ್ರಾಂ, ಊರ ಆಚಾರ್ರು ಮಾಡಿದ್ದು. ಕೊಟ್ಟು ತಂಗಿಗೆ ಹೊಸ ಸರ ತಗೊಳ್ಳೋಣ ಅಂತ ಒಂದು ಅಂಗಡಿಗೆ ಹೋದ್ವಿ. ಅವರು ಒರೆಗಲ್ಲಿಗೆ ಉಜ್ಜಿ, "18 ಕ್ಯಾರೆಟ್ ಅಷ್ಟೇ, ನಿಮ್ಮ ಆಚಾರಿ ಮೋಸ ಮಾಡಿದಾನೆ" ಅಂದ್ರು. ಅಜ್ಜಿ ಬಳೆ ಕಿತ್ಕೊಂಡು, "ಸತ್ತೋನ್ ಮ್ಯಾಲೆ ಯಾಕ್ಲಾ ಅಪವಾದ? ಎದ್ದೇಳು ಮಗ, ಓಗವ" ಅಂತ ಹೊರಟೇಬಿಟ್ಟಳು.

ಬೆಂಗಳೂರಿನ ಬಿಐಎಸ್ ಮಾನ್ಯತೆ ಇರೋ ಪರೀಕ್ಷಾ ಕೇಂದ್ರವೊಂದಕ್ಕೆ ಬಳೆ ತಗೊಂಡು ಹೋದೆ. ಅಲ್ಲಿ ನಾವು ನೀವೂ ಒಡವೆ ಪರೀಕ್ಷೆ ಮಾಡಿಸಬಹುದು, ಖರ್ಚಾಗಿದ್ದು ಇನ್ನೂರು ಚಿಲ್ಲರೆ ರೂಪಾಯಿ. ವರದಿ ಬಂತು: 875. ಅಂದ್ರೆ ಸಾವಿರ ಭಾಗದಲ್ಲಿ 875 ಭಾಗ ಚಿನ್ನ, 21 ಕ್ಯಾರೆಟ್. 18 ಕ್ಯಾರೆಟ್ ಅಂದ್ರೆ 750. 24 ಗ್ರಾಂ ಬಳೆಗೆ ಲೆಕ್ಕ ಹಾಕಿ, ಸರಿಯಾಗಿ 3 ಗ್ರಾಂ ಅಪರಂಜಿ ವ್ಯತ್ಯಾಸ!

ಹಾಗಾದ್ರೆ 22 ಕ್ಯಾರೆಟ್ಟಿನ 916 ಯಾಕೆ ಬರಲಿಲ್ಲ? ಬೆಸುಗೆ ಸ್ವಾಮಿ, ಬೆಸುಗೆ. ಬೆಸುಗೆ ಒಡವೆಗಿಂತ ಮೊದಲು ಕರಗಬೇಕು, ಅದಕ್ಕೆ ಅದರಲ್ಲಿ ತಾಮ್ರ, ಬೆಳ್ಳಿ ಜಾಸ್ತಿ. ಇಡೀ ಒಡವೆ ಕರಗಿಸಿದ್ರೆ ಶುದ್ಧತೆ ಸ್ವಲ್ಪ ಇಳಿಯುತ್ತೆ. ಇದನ್ನ ತಪ್ಪಿಸೋಕೆ ಬಂದಿದ್ದೇ ಕ್ಯಾಡ್ಮಿಯಂ ಬೆಸುಗೆ, ನಮ್ಮವರು ಹೆಮ್ಮೆಯಿಂದ ಹೇಳೋ 'ಕೆಡಿಎಂ'. ಅದು ಶುದ್ಧತೆಯ ಗುರುತೇ ಅಲ್ಲ. ಮೇಲಾಗಿ ಆ ಹೊಗೆ ಕೆಲಸ ಮಾಡೋರ ಶ್ವಾಸಕೋಶಕ್ಕೆ, ಮೂತ್ರಪಿಂಡಕ್ಕೆ ವಿಷ.

ಚಿನ್ನದ ಹಾಲ್‌ಮಾರ್ಕ್ ನಮ್ಮ ದೇಶದಲ್ಲಿ ಶುರುವಾಗಿದ್ದು 2000ದಲ್ಲಿ, ಅಂಗಡಿಯವರ ಇಷ್ಟಕ್ಕೆ ಬಿಟ್ಟು. 2021ರ ಜೂನ್‌ನಿಂದ ಹಂತ ಹಂತವಾಗಿ, ಜಿಲ್ಲೆಗಳ ಪಟ್ಟಿ ಮಾಡಿ, ಕಡ್ಡಾಯ ಮಾಡಿದ್ರು. ಈಗ ಹೊಸ ಒಡವೆ ಮೇಲೆ ನೋಡಬೇಕಾದ್ದು ಮೂರು: ಬಿಐಎಸ್‌ನ ತ್ರಿಕೋನ ಚಿಹ್ನೆ, 22ಕೆ916 ಥರದ ಶುದ್ಧತೆಯ ಗುರುತು, ಆಮೇಲೆ ಅಕ್ಷರ-ಅಂಕಿ ಸೇರಿ ಆರು ಸ್ಥಾನದ ಎಚ್‌ಯುಐಡಿ. ಈ ಮೂರನೇದು 2023ರ ಏಪ್ರಿಲ್ 1ರಿಂದ ಬೇಕೇಬೇಕು. 2 ಗ್ರಾಮಿಗಿಂತ ಹಗುರವಾದ ಮೂಗುತಿಯಂಥದ್ದಕ್ಕೆ ವಿನಾಯಿತಿ.

ನಮ್ಮ ಡೇಟಾಬೇಸ್ ಭಾಷೇಲಿ ಹೇಳೋದಾದ್ರೆ ಎಚ್‌ಯುಐಡಿ ಒಂದು ಪ್ರೈಮರಿ ಕೀ :-) ಒಂದು ಒಡವೆಗೆ ಒಂದೇ. ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿದ್ರೆ ಅಂಗಡಿ, ಪರೀಕ್ಷಾ ಕೇಂದ್ರ, ಒಡವೆಯ ಬಗೆ, ಶುದ್ಧತೆ ಎಲ್ಲಾ ಬರುತ್ತೆ. 'ಒಡವೆಯ ಬಗೆ' ಅನ್ನೋದನ್ನ ಮರೀದೆ ನೋಡಿ. ಕೈಲಿರೋದು ಬಳೆ, ಆಪ್ ಉಂಗುರ ಅಂದ್ರೆ ಯಾರೋ ನಂಬರು ಕದ್ದಿದ್ದಾರೆ ಅಂತಲೇ ಅರ್ಥ. ಗುರುತಿಗಿಂತ ಶುದ್ಧತೆ ಕಮ್ಮಿ ಇದ್ರೆ, ಕೊರತೆಯ ಮೊತ್ತದ ಎರಡರಷ್ಟು ಪರಿಹಾರ ಅಂತ 2018ರ ನಿಯಮ ಹೇಳುತ್ತೆ.

ಆದ್ರೆ ಹಾಲ್‌ಮಾರ್ಕ್ ಮಜೂರಿ, ವೇಸ್ಟೇಜ್ ನ್ಯಾಯವಾಗಿದೆಯಾ ಅಂತ ಹೇಳಲ್ಲ, ಅದಕ್ಕೆ ಬಿಲ್ಲನ್ನೇ ನೋಡಬೇಕು. ಗುರುತಿಲ್ಲದ ಹಳೇ ಒಡವೆ ಮನೇಲಿ ಇಟ್ಕೊಳ್ಳೋದೂ ತಪ್ಪಲ್ಲ, ಮಾರೋದೂ ತಪ್ಪಲ್ಲ. ಮಾರೋಕೆ ಮುಂಚೆ ಪರೀಕ್ಷೆ ಮಾಡಿಸಿ, ಅಷ್ಟೇ. ಇಲ್ಲಾಂದ್ರೆ ಮೇಜಿನ ಆಚೆ ಕೂತೋರು ಹೇಳಿದ್ದೇ ಶುದ್ಧತೆ.

ನಾವು ಬಳೆ ಮಾರಲಿಲ್ಲ, ತಂಗಿ ಕೈಲಿವೆ. ವರದಿಯನ್ನ ಅಜ್ಜಿ ಪಹಣಿ ಪತ್ರಗಳ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾಳೆ. ನಿಮ್ಮನೇಲೂ ಇಂಥ ಗುರುತಿಲ್ಲದ ಒಡವೆ ಇರಬೇಕಲ್ವಾ? ಒಂದ್ಸಲ ಪರೀಕ್ಷೆ ಮಾಡಿಸಿ ನೋಡಿ.